ನಾಯಿ, ಬೆಕ್ಕಿಗೆ ಹುಷಾರಿಲ್ಲದಾಗ ಎಷ್ಟು ಕಾಯಬಹುದು? ಮನೆಯಲ್ಲೇ ಏನೇನು ನೋಡಿಕೊಳ್ಳಬೇಕು?

ಎರಡುಬಾಲ
ಮನೆಯಲ್ಲಿ ಒಂದು ನಾಯಿಮರಿ ಇದೆ, ಒಂದು ಗಂಡು ಬೆಕ್ಕು ಇದೆ. ಎರಡಕ್ಕೂ ಒಂದನ್ನೊಂದು ಕಂಡರೆ ಅಷ್ಟಕ್ಕಷ್ಟೆ, ಅದು ಬೇರೆ ಕಥೆ ಬಿಡಿ. ನನ್ನ ತಲೆನೋವು ಇದು: ಒಂದು ಹೊತ್ತು ಊಟ ಬಿಟ್ಟರೆ ಸಾಕು, ಮನೆಯಲ್ಲಿ ಎರಡು ಪಕ್ಷ ಆಗುತ್ತದೆ. ಒಬ್ಬರು "ಸುಮ್ನೆ ಬಿಡಿ, ಪ್ರಾಣಿಗಳಿಗೆ ತಮ್ಮ ಹೊಟ್ಟೆ ತಮಗೆ ಗೊತ್ತು" ಅನ್ನುತ್ತಾರೆ. ಇನ್ನೊಬ್ಬರು ಆಗಲೇ ಡಾಕ್ಟರಿಗೆ ಫೋನ್ ಹಚ್ಚಿರುತ್ತಾರೆ. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಲೇಬಾರದು? ಗೊತ್ತಿದ್ದವರು ಹೇಳಿ.

ಮೂಗುಒದ್ದೆ
ಮೂಗು ಮುಟ್ಟಿ ನೋಡಿ. ಒದ್ದೆ ಇದ್ದರೆ ಆರಾಮಾಗಿದೆ ಅಂತ ಅರ್ಥ. ನನ್ನ ಹೆಸರೇ ಅದಕ್ಕೆ ಸಾಕ್ಷಿ.

ಬಿಳಿಕೋಟು
ಹೆಸರು ಚೆನ್ನಾಗಿದೆ, ಆದರೆ ಮೂಗಿನ ಲೆಕ್ಕ ಹಿಡಿಯಬೇಡಿ. ನಿದ್ದೆಯಿಂದ ಎದ್ದ ನಾಯಿಯ ಮೂಗು ಒಣಗಿರುತ್ತದೆ. ಕಾಯಿಲೆ ಬಿದ್ದ ನಾಯಿಯ ಮೂಗು ಒದ್ದೆ ಇರಬಹುದು.

ನಾನು ಪಶುವೈದ್ಯೆ. ಇಲ್ಲಿ ಯಾರಿಗೂ ಔಷಧಿ ಹೇಳುವುದಿಲ್ಲ, ಅದಕ್ಕೆ ಪ್ರಾಣಿ ಕಣ್ಣೆದುರು ಇರಬೇಕು. ಆದರೆ ಎರಡುಬಾಲ ಅವರ ಪ್ರಶ್ನೆ ಸರಿಯಾದ ಪ್ರಶ್ನೆ. ಉತ್ತರ ಶುರುವಾಗುವುದು ಕಾಯಿಲೆಯಿಂದಲ್ಲ. ಚೆನ್ನಾಗಿರುವಾಗ ನಿಮ್ಮ ಪ್ರಾಣಿ ಹೇಗಿರುತ್ತದೆ ಅನ್ನುವುದು ನಿಮಗೆ ಗೊತ್ತಿದೆಯಾ? ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ಇವತ್ತೇ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾಗುತ್ತದೆ, 2 ಸೆಕೆಂಡಿನೊಳಗೆ ಮತ್ತೆ ಬಣ್ಣ ಬರಬೇಕು. ಕೆಲವು ಪ್ರಾಣಿಗಳಿಗೆ ಹುಟ್ಟಿನಿಂದಲೇ ಕಪ್ಪು ಒಸಡು. ಅವಕ್ಕೆ ಕಣ್ಣಿನ ಕೆಳರೆಪ್ಪೆಯ ಒಳಗೆ ನೋಡಿ. ಗಾಢವಾಗಿ ಮಲಗಿರುವಾಗ ಎದೆ ಏರಿ ಇಳಿಯುವುದನ್ನು ಎಣಿಸಿ. ಏರಿ ಇಳಿದರೆ ಒಂದು ಉಸಿರು. ನಿಮಿಷಕ್ಕೆ 30ರ ಒಳಗಿರಬೇಕು. ದಿನವೂ ಅದಕ್ಕಿಂತ ಜಾಸ್ತಿ ಬರುತ್ತಿದ್ದರೆ ಹೃದಯವನ್ನೋ ಶ್ವಾಸಕೋಶವನ್ನೋ ಪರೀಕ್ಷೆ ಮಾಡಿಸಬೇಕು. ಮೈ ಬಿಸಿ ಇದೆ ಅಂತ ಗಾಬರಿ ಬೀಳಬೇಡಿ. ನಾಯಿ, ಬೆಕ್ಕಿನ ಮಾಮೂಲು ಉಷ್ಣತೆಯೇ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ನಮಗೆ ಅದು ಜ್ವರ, ಅವಕ್ಕೆ ಅಲ್ಲ.

ಇನ್ನು ಊಟದ ವಿಷಯ. ದೊಡ್ಡ ನಾಯಿ ಒಂದು ದಿನ ಊಟ ಬಿಟ್ಟು, ನೀರು ಕುಡಿದು, ಆಟ ಆಡಿಕೊಂಡಿದ್ದರೆ ಕಾಯಬಹುದು. ಮರಿ ಆದರೆ ಕಾಯಬೇಡಿ. ಮರಿಗೆ ವಾಂತಿ, ಭೇದಿ ಜೊತೆಗಿದ್ದರಂತೂ ಅವತ್ತೇ ಹೋಗಿ. ಬೆಕ್ಕಿನ ಲೆಕ್ಕ ಪೂರ್ತಿ ಬೇರೆ. ಬೆಕ್ಕು ಒಂದೆರಡು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಕರಗಿ ಪಿತ್ತಜನಕಾಂಗದಲ್ಲಿ ಬಂದು ಕೂರುತ್ತದೆ. ಆಮೇಲೆ ಅದಕ್ಕೇ ಹಸಿವು ಸತ್ತುಹೋಗುತ್ತದೆ. ದಪ್ಪ ಬೆಕ್ಕುಗಳಿಗೆ ಈ ಅಪಾಯ ಇನ್ನೂ ಜಾಸ್ತಿ. ಆದ್ದರಿಂದ ಒಂದು ದಿನ ಪೂರ್ತಿ ಬಾಯಿಗೆ ಏನೂ ಹಾಕದ ಬೆಕ್ಕಿನ ಬಗ್ಗೆ ಫೋನ್ ಮಾಡಿ ಕೇಳಿ.

ಕಾಯಲೇಬಾರದ್ದು ಇಷ್ಟು: ಬಾಯಿ ತೆರೆದು ಏದುಸಿರು ಬಿಡುವ ಬೆಕ್ಕು. ಹೊಟ್ಟೆ ಉಬ್ಬಿಕೊಂಡು, ಓಕರಿಸಿ ಓಕರಿಸಿ ಏನೂ ಹೊರಬಾರದ ನಾಯಿ. ಮೂತ್ರಕ್ಕೆ ಕೂತು ಕೂತು ಏಳುವ ಗಂಡು ಬೆಕ್ಕು. ಬೆಳ್ಳಗಾದ ಒಸಡು, ನಿಲ್ಲದ ಫಿಟ್ಸ್, ವಿಷ ತಿಂದಿರುವ ಅನುಮಾನ. ಇವಕ್ಕೆ ರಾತ್ರಿಯಾದರೂ ಸರಿ, ಹೊರಡಿ.

ಹಳೇಕೈ
ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ. ನಮ್ಮ ಕಾಲದಲ್ಲಿ ಮನೆಯವರು ಉಂಡು ಉಳಿದದ್ದನ್ನೇ ನಾಯಿಗೆ ಹಾಕುತ್ತಿದ್ದರು. ಪ್ಯಾಕೆಟ್ ಇಲ್ಲ, ಲಸಿಕೆ ಇಲ್ಲ, ಒಸಡು ಒತ್ತಿ ನೋಡುವವರೂ ಇಲ್ಲ. ಗುಂಡುಕಲ್ಲಿನ ಹಾಗೆ ಇದ್ದವು.

ಕಿವಿನೆಟ್ಟಗೆ
ಗುಂಡುಕಲ್ಲಿನ ಹಾಗಿದ್ದವು ಮಾತ್ರ ನಿಮ್ಮ ನೆನಪಲ್ಲಿ ಉಳಿದಿವೆ. ಮರಿಯಲ್ಲೇ ಹೋದವನ್ನು ಯಾರು ಲೆಕ್ಕ ಇಟ್ಟಿದ್ದಾರೆ ಹೇಳಿ.

ಬಿಳಿಕೋಟು
ಹಳೇಕೈ ಅವರೇ, ಮನೆ ಅಡುಗೆಗೆ ನನ್ನ ವಿರೋಧ ಇಲ್ಲ. ಮನೆಯವರ ತಟ್ಟೆಯಲ್ಲಿ ಉಳಿದದ್ದಕ್ಕೆ ಇದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಅಡುಗೆ ನಾಯಿ, ಬೆಕ್ಕು ಇಬ್ಬರಿಗೂ ಆಗದು. ಕೆಂಪು ರಕ್ತಕಣಗಳು ಒಡೆಯುತ್ತವೆ. ಬೇಯಿಸಿದರೂ, ಪುಡಿ ಮಾಡಿದರೂ ಗುಣ ಬದಲಾಗದು. ಬೆಕ್ಕಿಗೆ ಸ್ವಲ್ಪವೇ ಸಾಕು. ತಿಂದ ದಿನ ಏನೂ ಕಾಣಿಸುವುದೂ ಇಲ್ಲ. ಕೆಲವು ದಿನ ಬಿಟ್ಟು ಸುಸ್ತು, ಬಿಳಿಚಿದ ಒಸಡು, ಕೆಂಪು ಮೂತ್ರ. ಅಷ್ಟರಲ್ಲಿ ಏನು ತಿಂದಿತ್ತು ಅನ್ನುವುದೇ ಮನೆಯವರಿಗೆ ಮರೆತಿರುತ್ತದೆ.

ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಹುದು. ಎಷ್ಟು ತಿಂದರೆ ಅಪಾಯ ಅನ್ನುವುದು ಒಂದೊಂದು ನಾಯಿಗೆ ಒಂದೊಂದು ಥರ, ಹಾಗಾಗಿ ಒಂದೂ ಬೇಡ. ಚಾಕೊಲೇಟಿನಲ್ಲಿ ಥಿಯೋಬ್ರೊಮಿನ್ ಅನ್ನುವ, ಇವಕ್ಕೆ ವಿಷವಾಗುವ ಅಂಶ ಇದೆ, ಕಪ್ಪಾದಷ್ಟೂ ಅಪಾಯ ಜಾಸ್ತಿ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮಿನಲ್ಲಿ ಇರಬಹುದಾದ ಜೈಲಿಟಾಲ್ ಅನ್ನುವ ಸಿಹಿ ಪದಾರ್ಥ ನಾಯಿಯ ರಕ್ತದ ಸಕ್ಕರೆಯನ್ನು ಅರ್ಧ ಗಂಟೆಯಲ್ಲೇ ಕೆಳಗಿಳಿಸಬಲ್ಲದು. ಬೆಕ್ಕಿರುವ ಮನೆಗೆ ಲಿಲ್ಲಿ ಹೂವು ತರಲೇಬೇಡಿ. ಮೈಗೆ ಅಂಟಿದ ಪರಾಗ ನೆಕ್ಕಿದರೂ ಮೂತ್ರಪಿಂಡ ಹೋಗಬಹುದು.

ಸುಮ್ನೆಓದುವವ
ಸಾಮಾನ್ಯವಾಗಿ ಬರೀ ಓದುತ್ತೇನೆ. ಒಂದೇ ಪ್ರಶ್ನೆ. ಜ್ವರ ಬಂದರೆ ಬೆಕ್ಕಿಗೆ ಪ್ಯಾರಾಸಿಟಮಾಲ್ ಕಾಲು ಮಾತ್ರೆ?

ಬಿಳಿಕೋಟು
ಬೇಡ. ಕಾಲೂ ಬೇಡ, ಚೂರೂ ಬೇಡ. ಅದನ್ನು ಅರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಮೈಯಲ್ಲಿ ಇಲ್ಲದಷ್ಟು ಕಡಿಮೆ. ರಕ್ತ ಆಮ್ಲಜನಕ ಹೊರುವುದನ್ನೇ ನಿಲ್ಲಿಸುತ್ತದೆ, ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ನಾಯಿಗೂ ಐಬುಪ್ರೊಫೆನ್ ಥರದ ನಮ್ಮ ನೋವಿನ ಮಾತ್ರೆ ಕೊಡಬೇಡಿ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು.

ವಿಷ ತಿಂದಿದೆ ಅನ್ನಿಸಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪೇ ಇನ್ನೊಂದು ವಿಷ ಆಗುತ್ತದೆ. ತಿಂದದ್ದರ ಕವರ್ ಹಿಡಿದುಕೊಂಡು ಹೊರಡಿ.

ಹಳೇಕೈ
ಸರಿ, ಈರುಳ್ಳಿ ಒಪ್ಪಿದೆ. ಆದರೆ ಬೆಕ್ಕಿಗೆ ಬರೀ ಮಾಂಸ ಬೇಯಿಸಿ ಹಾಕಿದರೆ ಏನು ತೊಂದರೆ? ಕಾಡಲ್ಲಿ ಅದೇ ತಾನೇ ತಿನ್ನುವುದು?

ಕಿವಿನೆಟ್ಟಗೆ
ಕಾಡಲ್ಲಿ ಅದು ಇಲಿಯನ್ನು ಇಡೀ ತಿನ್ನುತ್ತದೆ ಸ್ವಾಮಿ. ಮೂಳೆ, ಕರುಳು, ಪಿತ್ತಜನಕಾಂಗ ಎಲ್ಲ ಸೇರಿ. ಬರೀ ಮಾಂಸದಲ್ಲಿ ಸುಣ್ಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೆಳೆಯುವ ಮರಿಗೆ ಅದನ್ನೇ ತಿನ್ನಿಸಿದರೆ ಮೂಳೆ ಮೆತ್ತಗಾಗಿ ಸುಮ್ನೆ ಹಾರಿದರೂ ಮುರಿಯುತ್ತದೆ.

ಬಿಳಿಕೋಟು
ಹೌದು. ಜೊತೆಗೆ ಟಾರಿನ್ ಅನ್ನುವ ಪೋಷಕಾಂಶದ ಕಥೆ. ನಾಯಿ ತನಗೆ ಬೇಕಾದ ಟಾರಿನ್ ಅನ್ನು ಬಹುಮಟ್ಟಿಗೆ ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿಗೆ ಅದು ಆಹಾರದಿಂದಲೇ ಬರಬೇಕು. 1987ಕ್ಕೆ ಮುಂಚೆ ಎಷ್ಟೋ ಬೆಕ್ಕುಗಳು ಹೃದಯ ಹಿಗ್ಗಿ ಸಾಯುತ್ತಿದ್ದವು. ಕಾರಣ ಟಾರಿನ್ ಕೊರತೆ ಅಂತ ಆ ವರ್ಷ ಅಮೆರಿಕದ ಸಂಶೋಧಕರು ತೋರಿಸಿದರು. ಅವು ತಿನ್ನುತ್ತಿದ್ದದ್ದು ಹೆಸರುವಾಸಿ ಪ್ಯಾಕೆಟ್ ಆಹಾರವನ್ನೇ. ಆಮೇಲೆ ಕಂಪನಿಗಳು ಟಾರಿನ್ ಜಾಸ್ತಿ ಸೇರಿಸಿದವು, ಆ ಕಾಯಿಲೆ ತೀರಾ ಅಪರೂಪ ಆಯಿತು. ಅಂದರೆ ಪ್ಯಾಕೆಟ್ ಮಾಡುವವರಿಗೇ ತಪ್ಪಿದ ಲೆಕ್ಕ ಇದು. ಅಡುಗೆಮನೆಯಲ್ಲಿ ಅಂದಾಜಿನ ಮೇಲೆ ಮಾಡುವುದು ಬೇಡ. ಮನೆಯಲ್ಲೇ ಬೇಯಿಸಿ ಹಾಕುವ ಮನಸ್ಸಿದ್ದರೆ ಪೌಷ್ಟಿಕಾಂಶ ಓದಿದ ಪಶುವೈದ್ಯರಿಂದ ಅಳತೆ ಬರೆಸಿಕೊಳ್ಳಿ. ಪ್ಯಾಕೆಟ್ ಆದರೆ "ಸಂಪೂರ್ಣ ಆಹಾರ" ಅಂತ ಬರೆದಿದೆಯಾ, ಯಾವ ವಯಸ್ಸಿಗೆ ಅಂತ ಬರೆದಿದೆ, ಇಷ್ಟು ನೋಡಿ. ಮುಂದಿನ ಬಣ್ಣದ ಚಿತ್ರಕ್ಕೆ ಮರುಳಾಗಬೇಡಿ.

ಮೂಗುಒದ್ದೆ
ನಮ್ಮ ಲ್ಯಾಬ್ರಡಾರ್ ಊಟ ಮುಗಿಸಿ ಐದು ನಿಮಿಷಕ್ಕೆ ಮತ್ತೆ ಬಂದು ಕಣ್ಣಲ್ಲೇ ಕೇಳುತ್ತದೆ. ಪಾಪ ಅನ್ನಿಸಿ ಹಾಕಿಬಿಡುತ್ತೇವೆ. ಸ್ವಲ್ಪ ದುಂಡಗಿದೆ. ಲ್ಯಾಬ್ರಡಾರ್ ಅಂದರೆ ಹಾಗೇ ಅಲ್ವಾ?

ಕಿವಿನೆಟ್ಟಗೆ
ಹಾಗೇನಿಲ್ಲ. ಲ್ಯಾಬ್ರಡಾರ್ ಮೇಲೇ ಒಂದು ದೊಡ್ಡ ಅಧ್ಯಯನ ಆಗಿದೆ, 2002ರಲ್ಲಿ ಪ್ರಕಟವಾಯಿತು. 48 ನಾಯಿಗಳನ್ನು ಜೋಡಿ ಜೋಡಿಯಾಗಿ ಸಾಕಿದರು. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25 ಶೇಕಡ ಕಡಿಮೆ ಊಟ. ಕಡಿಮೆ ತಿಂದವು ಸರಿಸುಮಾರು 13 ವರ್ಷ ಬದುಕಿದವು, ಜಾಸ್ತಿ ತಿಂದವು 11 ಚಿಲ್ಲರೆ. ಕೀಲುನೋವು ಕೂಡ ತಡವಾಗಿ ಬಂತು. ಪಾಪ ಅನ್ನಿಸಿ ಹಾಕುವ ತುತ್ತು ಪಾಪಕ್ಕೇ ದಾರಿ.

ತೂಕದ ಯಂತ್ರ ಇಲ್ಲದಿದ್ದರೂ ನೋಡಬಹುದು. ಒಂದು ಕೈ ಬೋರಲು ಹಿಡಿದು ಇನ್ನೊಂದು ಕೈ ಬೆರಳನ್ನು ಗೆಣ್ಣಿನ ಮೇಲೆ ಆಡಿಸಿ. ಹಾಗೆಯೇ ಪಕ್ಕೆಲುಬು ಸಿಗಬೇಕು. ಅಂಗೈ ಮುಟ್ಟಿದ ಹಾಗೆ ಮೆತ್ತಗಿದ್ದರೆ ದಪ್ಪ. ಮುಷ್ಟಿ ಕಟ್ಟಿದ ಗೆಣ್ಣಿನ ಹಾಗೆ ಎದ್ದು ಸಿಕ್ಕರೆ ಬಡಕಲು.

ಬಿಳಿಕೋಟು
ಸರಿಯಾಗಿ ಹೇಳಿದಿರಿ. ಬೆಕ್ಕಿನವರಿಗೆ ಒಂದು ಮಾತು: 4 ಕೆಜಿ ಬೆಕ್ಕಿಗೆ 1 ಕೆಜಿ ಜಾಸ್ತಿ ಆದರೆ ಅದು ಮೈಯ ಕಾಲು ಭಾಗ. "ಒಂದೇ ಕೆಜಿ" ಅಲ್ಲ ಅದು. ಆದರೆ ಇಳಿಸುವಾಗ ಬೆಕ್ಕನ್ನು ಉಪವಾಸ ಕೆಡವಬೇಡಿ, ಕಾರಣ ಮೇಲೆ ಹೇಳಿದ್ದೇನೆ. ತಿಂಗಳಿಗೊಮ್ಮೆ ಬೆಕ್ಕನ್ನು ಎತ್ತಿಕೊಂಡು ತೂಕ ನೋಡಿ, ಆಮೇಲೆ ನಿಮ್ಮದನ್ನು ಕಳೆಯಿರಿ. ವಯಸ್ಸಾದ ಬೆಕ್ಕು ಚೆನ್ನಾಗಿ ತಿಂದರೂ ಇಳಿಯುತ್ತಿದ್ದರೆ ಥೈರಾಯ್ಡ್, ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಬೇಕು.

ಚಿಗಟಶತ್ರು
ಊಟ, ತೂಕ ಎಲ್ಲ ಆಯಿತು. ನನ್ನ ಹೆಸರು ನೋಡಿದರೆ ಕಷ್ಟ ಗೊತ್ತಾಗುತ್ತದೆ. ನಾಯಿಗೆ ಔಷಧಿ ಹಾಕಿದರೂ ಚಿಗಟ ಹೋಗುತ್ತಿಲ್ಲ. ಔಷಧಿಯೇ ನಕಲಿಯಾ?

ಬಿಳಿಕೋಟು
ನಕಲಿ ಇರಲಿಕ್ಕಿಲ್ಲ. ನಾಯಿ ಮೈಮೇಲೆ ಕಾಣುವುದು ನಿಮ್ಮ ಮನೆಯ ಚಿಗಟದಲ್ಲಿ ಸುಮಾರು 5 ಶೇಕಡ ಅಷ್ಟೆ. ಉಳಿದದ್ದೆಲ್ಲ ಮೊಟ್ಟೆ, ಮರಿಹುಳು, ಗೂಡು ಆಗಿ ಹಾಸಿಗೆ, ಚಾಪೆ, ಸೋಫಾ ಸಂದಿಯಲ್ಲಿದೆ. ಗೂಡಿನೊಳಗಿನ ಹುಳುವಿಗೆ ಯಾವ ಸ್ಪ್ರೇಯೂ ತಟ್ಟದು. ತಿಂಗಳುಗಟ್ಟಲೆ ಸುಮ್ಮನೆ ಕೂತಿದ್ದು, ಹತ್ತಿರ ಯಾರೋ ನಡೆದ ಅಲುಗಾಟ, ಮೈಯ ಕಾವು ಸಿಕ್ಕಿದ ಕೂಡಲೇ ಹೊರಬರುತ್ತದೆ. ಆದ್ದರಿಂದ ಔಷಧಿ ಹಾಕಿದ ಮೇಲೂ ಕೆಲವು ವಾರ ಹೊಸ ಚಿಗಟ ಕಾಣಿಸುವುದು ಮಾಮೂಲು. ಮನೆಯ ಎಲ್ಲ ಪ್ರಾಣಿಗಳಿಗೂ ಒಟ್ಟಿಗೆ ಔಷಧಿ, ಹೇಳಿದ ದಿನಕ್ಕೆ ತಪ್ಪದೆ, ಕನಿಷ್ಠ ಮೂರು ತಿಂಗಳು. ಹಾಸಿಗೆ ಬಟ್ಟೆ 60 ಡಿಗ್ರಿ ಬಿಸಿನೀರಲ್ಲಿ. ಮೂಲೆ ಮೂಲೆಗೂ ವ್ಯಾಕ್ಯೂಮ್.

ಚಿಗಟ ಇದೆಯಾ ಇಲ್ಲವಾ ಅನುಮಾನ ಇದ್ದರೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡ ಬಾಚಿ. ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಒತ್ತಿ. ಸುತ್ತ ಕೆಂಪು-ಕಂದು ಕಲೆ ಹರಡಿದರೆ ಅದು ಮಣ್ಣಲ್ಲ, ಚಿಗಟ ಕುಡಿದು ಹಾಕಿದ ರಕ್ತ.

ಇದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ: ನಾಯಿಯ ಚಿಗಟದ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕಿಗೆ ನಡುಕ, ಫಿಟ್ಸ್ ಬರುತ್ತದೆ. ನಾಯಿಗೆ ಹಾಕಿ ಒಣಗುವ ಮುಂಚೆ ಬೆಕ್ಕು ಅದರ ಪಕ್ಕ ಮಲಗಿದರೂ ಕಷ್ಟ.

ಮೂಗುಒದ್ದೆ
ಉಣ್ಣಿಗೆ ಬೆಂಕಿಕಡ್ಡಿ ತಾಗಿಸಿದರೆ ತಾನೇ ಬಿಡುತ್ತದಂತೆ?

ಕಿವಿನೆಟ್ಟಗೆ
ನಾಯಿ ಬಿಟ್ಟು ಓಡುತ್ತದೆ, ಉಣ್ಣಿ ಅಲ್ಲ. ಚಿಮಟದಲ್ಲಿ ಚರ್ಮಕ್ಕೆ ತಾಗಿ ಹಿಡಿದು ನಿಧಾನಕ್ಕೆ ನೇರ ಎಳೆಯಿರಿ. ಹಿಸುಕಬೇಡಿ, ಎಣ್ಣೆ ಬೇಡ, ಬೆಂಕಿ ಬೇಡ. ಆಮೇಲಿನ ವಾರಗಳಲ್ಲಿ ಜ್ವರ, ಬಿಳಿಚಿದ ಒಸಡು, ಮೂಗಲ್ಲಿ ರಕ್ತ ಕಂಡರೆ ಉಣ್ಣಿ ಕಚ್ಚಿತ್ತು ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಎರಡುಬಾಲ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಬೆಕ್ಕು ಬೆಳಗ್ಗೆಯಿಂದ ಲಿಟರ್ ಟ್ರೇಗೆ (ಅದು ಮಲಮೂತ್ರ ಮಾಡುವ ತಟ್ಟೆಗೆ) ಹೋಗಿ ಹೋಗಿ ಬರುತ್ತಿದೆ. ಕೂರುತ್ತದೆ, ತಿಣುಕುತ್ತದೆ, ಒಂದು ಥರ ಕೂಗುತ್ತದೆ. ಕೆಳಗೆ ನೆಕ್ಕಿಕೊಳ್ಳುತ್ತದೆ. ಮನೆಯಲ್ಲಿ ಮಲಬದ್ಧತೆ ಅನ್ನುತ್ತಿದ್ದಾರೆ. ಮೇಲೆ ನೀವು ಬರೆದದ್ದು ನೆನಪಾಯಿತು.

ಹಳೇಕೈ
ಸ್ವಲ್ಪ ಎಣ್ಣೆ ನೆಕ್ಕಿಸಿ ನೋಡಿ, ಸಾಯಂಕಾಲಕ್ಕೆ ಸರಿಹೋಗುತ್ತೆ.

ಬಿಳಿಕೋಟು
ಬೇಡ. ಟ್ರೇಯಲ್ಲಿ ಮೂತ್ರ ಬಿದ್ದು ಕಟ್ಟಿದ ಒದ್ದೆ ಉಂಡೆ ಇದೆಯಾ? ಎಷ್ಟು ದೊಡ್ಡದು?

ಎರಡುಬಾಲ
ನಿನ್ನೆ ರಾತ್ರಿ ತೆಗೆದದ್ದೇ ಕೊನೆ. ಈಗ ಒಂದೆರಡು ಹನಿಯ ಗುರುತು. ಗುಲಾಬಿ ಬಣ್ಣ.

ಬಿಳಿಕೋಟು
ಈಗಲೇ ಹೊರಡಿ. ದಾರಿಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿ "ಗಂಡು ಬೆಕ್ಕು, ಮೂತ್ರ ಕಟ್ಟಿದೆ" ಅನ್ನಿ. ಹೊಟ್ಟೆ ಒತ್ತಿ ನೋಡಲು ಹೋಗಬೇಡಿ. ಏನೂ ತಿನ್ನಿಸಬೇಡಿ.

ಉಳಿದವರಿಗೆ ಕಾರಣ ಹೇಳುತ್ತೇನೆ. ಗಂಡು ಬೆಕ್ಕಿನ ಮೂತ್ರನಾಳ ಕೊನೆಗೆ ಹೋಗುತ್ತಾ ತೀರಾ ಸಣ್ಣ. ಹರಳಿನ ಪುಡಿ, ಲೋಳೆ ಸೇರಿ ಬಿರಡೆ ಆಗಿಬಿಡುತ್ತದೆ. ಮೂತ್ರ ಹೊರಹೋಗದಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಒಂದೆರಡು ದಿನದಲ್ಲಿ ಜೀವ ಹೋಗಬಹುದು. ನೋಡಲು ಥೇಟ್ ಮಲಬದ್ಧತೆಯ ಹಾಗೇ ಇರುತ್ತದೆ, ಅದಕ್ಕೇ ಎಷ್ಟೋ ಜನ ತಡಮಾಡುತ್ತಾರೆ. ತಿಣುಕುತ್ತಿರುವ ಗಂಡು ಬೆಕ್ಕು ಅಂದರೆ ಮೊದಲು ಮೂತ್ರ, ಆಮೇಲೆ ಮಲ. ಈ ಕ್ರಮ ಬದಲಾಯಿಸಬೇಡಿ.

ನಿರ್ವಾಹಕ
ಎಣ್ಣೆಯ ಸಲಹೆ ಅಳಿಸುತ್ತಿಲ್ಲ, ಕೆಳಗಿನ ಉತ್ತರದ ಜೊತೆಗೇ ಓದಲಿ ಅಂತ. ಹಳೇಕೈ ಅವರೇ, ದಯವಿಟ್ಟು.

ಹಳೇಕೈ
ಮದ್ದಿನ ವಿಷಯದಲ್ಲಿ ಇನ್ನು ಬಾಯಿ ಮುಚ್ಚಿಕೊಂಡಿರುತ್ತೇನೆ. ಬೆಕ್ಕಿನ ಸುದ್ದಿ ತಿಳಿಸಿ.

ಸುಮ್ನೆಓದುವವ
ಕಾಯುವಾಗ ಇನ್ನೊಂದು ಕೇಳಲಾ? ಹೊರಗೇ ಹೋಗದ ಬೆಕ್ಕಿಗೆ ಲಸಿಕೆ ಯಾಕೆ?

ಕಿವಿನೆಟ್ಟಗೆ
ಬೆಕ್ಕು ಹೋಗದಿದ್ದರೆ ಏನು, ನಿಮ್ಮ ಚಪ್ಪಲಿ ಹೋಗಿ ಬರುತ್ತಲ್ಲ. ಬೆಕ್ಕಿನ ಪ್ಯಾನ್‌ಲ್ಯುಕೋಪೀನಿಯಾ, ನಾಯಿಯ ಪಾರ್ವೊ ಎರಡೂ ವಾಂತಿ-ಭೇದಿ ಮಾಡಿಸಿ ಜೀವ ತೆಗೆಯಬಲ್ಲ ಕಾಯಿಲೆಗಳು, ಹತ್ತಿರದ ಸಂಬಂಧಿಗಳು. ಗಟ್ಟಿಪಿಂಡ ವೈರಸ್‌ಗಳು, ಹೊರಗೆ ತಿಂಗಳುಗಟ್ಟಲೆ ಬದುಕುತ್ತವೆ.

ಬಿಳಿಕೋಟು
ಮರಿಗಳ ಲಸಿಕೆಯಲ್ಲಿ ಜನ ಎಡವುವುದು ಕೊನೆಯ ಡೋಸಿನಲ್ಲಿ. 6ರಿಂದ 8 ವಾರಕ್ಕೆ ಶುರುಮಾಡಿ, 2ರಿಂದ 4 ವಾರಕ್ಕೊಮ್ಮೆ ಹಾಕಿಸುತ್ತಾ, ಕೊನೆಯದು 16 ವಾರ ತುಂಬಿದ ಮೇಲೆ ಬೀಳಬೇಕು. ತಾಯಿಯಿಂದ ಬಂದ ರಕ್ಷಣೆ ಮೈಯಲ್ಲಿ ಇರುವಷ್ಟು ದಿನ ಲಸಿಕೆಗೆ ಕೆಲಸ ಮಾಡಲು ಬಿಡುವುದಿಲ್ಲ. ಅದು ಯಾವ ಮರಿಗೆ ಯಾವಾಗ ಇಳಿಯುತ್ತದೆ ಅಂತ ಹೊರಗಿಂದ ಗೊತ್ತಾಗದು. ಅದಕ್ಕೇ ಮೇಲಿಂದ ಮೇಲೆ ಹಾಕುವುದು. "ಎರಡು ಸೂಜಿ ಆಯಿತಲ್ಲ" ಅಂತ ನಿಲ್ಲಿಸಿದ ಮರಿಗಳೇ ಪಾರ್ವೊ ಹಿಡಿದು ಬರುತ್ತವೆ.

ರೇಬೀಸ್ ಲಸಿಕೆ ಸಾಮಾನ್ಯವಾಗಿ 12 ವಾರದ ಮೇಲೆ, ಮತ್ತೆ ವರ್ಷಕ್ಕೆ. ಆಮೇಲೆ ನಿಮ್ಮಲ್ಲಿನ ನಿಯಮದಂತೆ. ಇದರಲ್ಲಿ ಚೌಕಾಸಿ ಬೇಡ. ಲಕ್ಷಣ ಕಾಣಿಸಿದ ಮೇಲೆ ಅದಕ್ಕೆ ಮದ್ದಿಲ್ಲ. ಗೊತ್ತಿಲ್ಲದ ಪ್ರಾಣಿ ನಿಮ್ಮನ್ನು ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಎರಡುಬಾಲ
ಬೆಕ್ಕು ಉಳಿಯಿತು! ಪೂರ್ತಿ ಕಟ್ಟಿತ್ತಂತೆ. ಅರಿವಳಿಕೆ ಕೊಟ್ಟು ಸಣ್ಣ ಕೊಳವೆ ಹಾಕಿ ಬಿಡಿಸಿದರು. ಇನ್ನೂ ಅಲ್ಲೇ ಇದೆ, ಡ್ರಿಪ್ ಹಾಕಿದ್ದಾರೆ. ಸಂಜೆಯವರೆಗೆ ಕಾದಿದ್ದರೆ ಕಷ್ಟ ಇತ್ತು ಅಂದರು. ಎಲ್ಲರಿಗೂ ಏನು ಹೇಳಬೇಕೋ ತಿಳಿಯುತ್ತಿಲ್ಲ. ಮನೆಗೆ ಬಂದ ಮೇಲೆ ಏನು ಬದಲಾಯಿಸಬೇಕು?

ಬಿಳಿಕೋಟು
ಒಳ್ಳೆಯ ಸುದ್ದಿ. ನೋಡಿಕೊಂಡ ಡಾಕ್ಟರು ಹೇಳಿದ್ದೇ ಮೊದಲು. ಸಾಮಾನ್ಯವಾಗಿ ಹೇಳುವುದಾದರೆ, ನೀರು ಜಾಸ್ತಿ ಹೊಟ್ಟೆಗೆ ಹೋಗಬೇಕು. ಬೆಕ್ಕು ಹುಟ್ಟಾ ಕಡಿಮೆ ನೀರು ಕುಡಿಯುವ ಪ್ರಾಣಿ. ಒಣ ಕಾಳಿನ ಬದಲು ಹಸಿ ಆಹಾರ ಕೊಟ್ಟರೆ ನೀರೂ ತಾನಾಗಿ ಹೋಗುತ್ತದೆ. ಅಗಲ ಬಟ್ಟಲಲ್ಲಿ, ಊಟದ ತಟ್ಟೆಯಿಂದ ದೂರ, ಎರಡು ಮೂರು ಕಡೆ ನೀರಿಡಿ. ಲಿಟರ್ ಟ್ರೇ ಬೆಕ್ಕುಗಳ ಲೆಕ್ಕಕ್ಕಿಂತ ಒಂದು ಜಾಸ್ತಿ ಇರಲಿ, ಅಂದರೆ ನಿಮಗೆ ಎರಡು. ನಾಯಿಮರಿ ತಲುಪದ ಜಾಗದಲ್ಲಿ ಇಡಿ. ಮನೆಯಲ್ಲಿ ನಾಯಿಮರಿ ಇದೆ ಅಂದಿರಿ, ಬೆಕ್ಕಿನ ಮನಸ್ಸು ಕೆಟ್ಟರೂ ಮೂತ್ರಕೋಶ ಉರಿಯುತ್ತದೆ. ಎತ್ತರದಲ್ಲಿ ಅದಕ್ಕೇ ಅಂತ ಒಂದು ಜಾಗ ಕೊಡಿ.

ದಿನವೂ ಟ್ರೇ ತೆಗೆಯುವಾಗ ಉಂಡೆ ಎಷ್ಟು, ಎಷ್ಟು ದೊಡ್ಡದು ಅಂತ ನೋಡಿ. ಒಮ್ಮೆ ಮೂತ್ರ ಕಟ್ಟಿದ ಬೆಕ್ಕುಗಳಿಗೆ ಮತ್ತೆ ಕಟ್ಟುವುದುಂಟು, ಮೊದಲ ಕೆಲವು ವಾರ ಕಣ್ಣಿಟ್ಟಿರಿ.

ಎರಡುಬಾಲ
ಮನೆಗೆ ಬಂದಿದೆ. ಮಾತ್ರೆ ಕೊಟ್ಟಿದ್ದಾರೆ. ನುಂಗಿದ ಹಾಗೆ ಮಾಡಿ ಸೋಫಾ ಹಿಂದೆ ಉಗಿದು ಬಂತು. ಇದಕ್ಕೊಂದು ಉಪಾಯ ಹೇಳಿ, ನನ್ನ ಕೈತುಂಬ ಗೀರು.

ಚಿಗಟಶತ್ರು
ಟವೆಲ್‌ನಲ್ಲಿ ಕುತ್ತಿಗೆವರೆಗೆ ಸುತ್ತಿ. ನಾಲ್ಕು ಕಾಲೂ ಒಳಗೆ. ಇಲ್ಲದಿದ್ದರೆ ಐದನೇ ಕಾಲು ಎಲ್ಲಿಂದಲೋ ಬರುತ್ತದೆ.

ಬಿಳಿಕೋಟು
ಮೊದಲು ಡಾಕ್ಟರನ್ನು ಕೇಳಿ, ಊಟದ ಜೊತೆ ಕೊಡಬಹುದಾ ಅಂತ. ಆಗುವುದಾದರೆ ಹಸಿ ಆಹಾರದ ಸಣ್ಣ ಉಂಡೆಯೊಳಗೆ ಇಡಿ. ಆಗದಿದ್ದರೆ ಹೀಗೆ: ಬೆಕ್ಕಿನ ಹಿಂದೆ ಕೂತುಕೊಳ್ಳಿ, ಎದುರಿಗೆ ಬೇಡ. ಮೇಲಿನಿಂದ ಕೈ ತಂದು ಹೆಬ್ಬೆರಳು, ತೋರುಬೆರಳಲ್ಲಿ ಎರಡು ಕೆನ್ನೆಮೂಳೆ ಹಿಡಿದು ಮೂಗನ್ನು ಮೇಲಕ್ಕೆ ಎತ್ತಿ. ಕೆಳದವಡೆ ತಾನೇ ಸಡಿಲ ಆಗುತ್ತದೆ. ಇನ್ನೊಂದು ಕೈಯ ನಡುಬೆರಳಲ್ಲಿ ಮುಂದಿನ ಸಣ್ಣ ಹಲ್ಲುಗಳನ್ನು ಕೆಳಗೊತ್ತಿ, ಮಾತ್ರೆಯನ್ನು ನಾಲಿಗೆಯ ಬುಡದಲ್ಲಿ ನಟ್ಟನಡುವೆ ಬಿಡಿ. ಪಕ್ಕಕ್ಕೆ ಬಿದ್ದರೆ ಉಗಿಯುತ್ತದೆ. ಬಾಯಿ ಮುಚ್ಚಿ ಗಂಟಲು ಸವರಿ. ಮೂಗು ನೆಕ್ಕಿಕೊಂಡರೆ ನುಂಗಿದೆ ಅಂತ ಲೆಕ್ಕ.

ಆಮೇಲೆ ಸೂಜಿ ಇಲ್ಲದ ಸಿರಿಂಜಿನಲ್ಲಿ 5 ಮಿಲಿ ನೀರು, ಕೆನ್ನೆಯ ಪಕ್ಕದಿಂದ ನಿಧಾನಕ್ಕೆ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲೇ ಅಂಟಿಕೊಂಡು ಕೂರುತ್ತದೆ. ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಥರದ್ದಾದರೆ ಅಲ್ಲೇ ಸುಟ್ಟು ಗಾಯ ಮಾಡುತ್ತದೆ.

ಎರಡುಬಾಲ
ಒಳಗೆ ಹೋಯಿತು! ಮೂಗೂ ನೆಕ್ಕಿಕೊಂಡಿತು. ಈಗ ಕಪಾಟಿನ ಮೇಲೆ ಕೂತು ನನಗೆ ಬೆನ್ನು ಹಾಕಿದೆ. ಸೋಫಾ ಹಿಂದೆ ಬಿದ್ದಿದ್ದ ಹಳೇ ಮಾತ್ರೆ ನಾಯಿಮರಿಗೆ ಸಿಗುವ ಮುಂಚೆ ಹುಡುಕಿ ತೆಗೆದೆ.